ಕೋಡ್ ಎಡಿಟರ್‌ನ ಪಾರ್ಸರ್‌ಗೆ ಜಿಸಿಸಿಯ ವಿಶೇಷ ಫ್ಲೋಟಿಂಗ್ ಪಾಯಿಂಟ್ ಟೈಪ್‌ಗಳನ್ನು ಅಳವಡಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಸಿ++ ಕೋಡ್ ಒಂದು ಜಿಸಿಸಿ ಎಂಬ ಕಂಪೈಲರ್‌ನಲ್ಲಿ ಒಂದೇ ಒಂದು ಎಚ್ಚರಿಕೆಯೂ ಇಲ್ಲದೆ ಕಂಪೈಲ್ ಆಗುತ್ತದೆ. ಅದೇ ಕಡತವನ್ನು ಎಡಿಟರ್‌ನಲ್ಲಿ ತೆರೆದಾಗ ಮಾತ್ರ, ಸ್ಟ್ಯಾಂಡರ್ಡ್ ಹೆಡರ್ ಸೇರಿಸಿದ ಮೊದಲ ಸಾಲಿನ ಕೆಳಗೇ ಕೆಂಪು ಗೆರೆ ಮೂಡಿ, ‘_ಫ್ಲೋಟ್128’ (128 ಬಿಟ್‌ನ ಫ್ಲೋಟಿಂಗ್ ಪಾಯಿಂಟ್ ಟೈಪ್) ಎಂಬ ಹೆಸರು ಎಲ್ಲೂ ಘೋಷಣೆಯಾಗಿಲ್ಲ ಎಂಬ ದೂರು ಕಾಣಿಸುತ್ತದೆ. ಬಳಕೆದಾರರು ಆ ಹೆಸರನ್ನು ತಮ್ಮ ಕೋಡ್‌ನಲ್ಲಿ ಎಲ್ಲೂ ಬರೆದಿರುವುದಿಲ್ಲ. ಒಂದು ದೂರಿನ ಬೆನ್ನಿಗೆ ಹತ್ತಾರು ದೂರುಗಳು ಹುಟ್ಟುತ್ತವೆ, ಸ್ವಯಂಪೂರ್ಣತೆ ನಿಲ್ಲುತ್ತದೆ, ‘ಘೋಷಣೆಗೆ ಹೋಗು’ ಎಂಬ ಆಜ್ಞೆ ತಪ್ಪು ಜಾಗಕ್ಕೆ ಕರೆದೊಯ್ಯುತ್ತದೆ. ಈ ಸ್ಥಿತಿಯನ್ನು ಪಾರ್ಸರ್‌ನ, ಅಂದರೆ ಕೋಡ್ ಓದಿ ಅದರ ರಚನೆಯನ್ನು ಬಿಡಿಸುವ ಎಡಿಟರ್‌ನ ಭಾಗದ, ಒಳಗಿನಿಂದ ಸರಿಪಡಿಸಬೇಕಾದವರಿಗಾಗಿ ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಉದಾಹರಣೆಗಳು ಲಿನಕ್ಸ್, ಎಕ್ಸ್86-64 ಪ್ರೊಸೆಸರ್, ಜಿಸಿಸಿ ಮತ್ತು ಜಿಲಿಬ್‌ಸಿ (ಲಿನಕ್ಸ್‌ನ ಸಿ ಲೈಬ್ರರಿ) ಇರುವ ವ್ಯವಸ್ಥೆಯವು, ಏಕೆಂದರೆ ಈ ತೊಂದರೆ ಅತಿ ಹೆಚ್ಚಾಗಿ ಎದುರಾಗುವುದು ಅಲ್ಲಿಯೇ. ಟೈಪ್, ಮ್ಯಾಕ್ರೊ ಹಾಗೂ ಪ್ರತ್ಯಯಗಳ ಹೆಸರುಗಳನ್ನು ಓದಿನ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕೋಡ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಇದೆಯೇ ಎರಡಿವೆಯೇ ಎಂಬುದನ್ನು ಗಮನವಿಟ್ಟು ನೋಡಬೇಕು, ಏಕೆಂದರೆ ‘_ಫ್ಲೋಟ್128’ ಮತ್ತು ‘__ಫ್ಲೋಟ್128’ ಬೇರೆ ಬೇರೆ ಹೆಸರುಗಳು.

ಬಣ್ಣ ಹಚ್ಚುವುದಕ್ಕಷ್ಟೇ ವಾಕ್ಯರಚನೆಯನ್ನು ಓದುವ ಪಾರ್ಸರ್‌ಗಳಿಗೆ ಈ ಕೆಲಸದ ಬಹುಭಾಗ ಬೇಕಿಲ್ಲ. ಟ್ರೀ-ಸಿಟ್ಟರ್‌ನಂಥ ವ್ಯವಸ್ಥೆ ಗೊತ್ತಿಲ್ಲದ ಹೆಸರನ್ನು ಟೈಪ್‌ನ ಜಾಗದಲ್ಲಿ ಕಂಡರೆ ಅದನ್ನು ಟೈಪ್ ಹೆಸರೆಂದೇ ಒಪ್ಪಿಕೊಂಡು ಮುಂದೆ ಹೋಗುತ್ತದೆ. ಹೆಸರುಗಳ ಅರ್ಥವನ್ನು ಬಿಡಿಸಿ, ಓವರ್‌ಲೋಡ್‌ಗಳಲ್ಲಿ ಒಂದನ್ನು ಆರಿಸಿ, ಟೆಂಪ್ಲೇಟ್‌ಗಳನ್ನು ವಿಸ್ತರಿಸುವ ಪಾರ್ಸರ್‌ಗಳಿಗೆ ಮಾತ್ರ ಮುಂದಿನ ಎಲ್ಲ ಹಂತಗಳೂ ಅನ್ವಯಿಸುತ್ತವೆ.

## ದೋಷ ಹುಟ್ಟುವುದು ಎಲ್ಲಿ

ಎಡಿಟರ್‌ಗಳು ಬಳಕೆದಾರರ ಕಂಪೈಲರನ್ನೇ ಕೇಳಿ ಅದರ ಮ್ಯಾಕ್ರೊಗಳನ್ನೂ ಹೆಡರ್ ದಾರಿಗಳನ್ನೂ ಪಡೆದುಕೊಳ್ಳುತ್ತವೆ. ಹಾಗೆ ಬಂದ ಮ್ಯಾಕ್ರೊಗಳಲ್ಲಿ ‘__ಜಿಎನ್‌ಯುಸಿ__’ ಮುಖ್ಯವಾದದ್ದು. ಅದರ ಬೆಲೆ ಕಂಪೈಲರ್‌ನ ಪ್ರಧಾನ ಆವೃತ್ತಿ. ಆ ಬೆಲೆಯನ್ನು 12 ಎಂದು ಹೇಳಿಕೊಂಡ ಪಾರ್ಸರ್, ಜಿಸಿಸಿ 12ಕ್ಕೆ ಗೊತ್ತಿರುವುದೆಲ್ಲ ತನಗೂ ಗೊತ್ತಿದೆ ಎಂದು ಹೆಡರ್‌ಗಳಿಗೆ ಮಾತು ಕೊಟ್ಟಂತೆ. ಜಿಲಿಬ್‌ಸಿಯ ‘ಬಿಟ್ಸ್’ ಕೋಶದಲ್ಲಿರುವ ‘ಫ್ಲೋಟ್ಎನ್’ ಹೆಡರ್ ಆ ಮಾತನ್ನು ನಂಬಿ ನಡೆಯುತ್ತದೆ. ಕಂಪೈಲರ್ ಜಿಸಿಸಿ 7ಕ್ಕಿಂತ ಹಳೆಯದಾಗಿದ್ದರೆ, ಅಥವಾ ಭಾಷೆ ಸಿ++ ಆಗಿದ್ದು ಜಿಸಿಸಿ 13ಕ್ಕಿಂತ ಹಳೆಯದಾಗಿದ್ದರೆ, ಅದು ‘__ಫ್ಲೋಟ್128’ ಎಂಬ ಟೈಪ್‌ಗೆ ‘_ಫ್ಲೋಟ್128’ ಎಂಬ ಇನ್ನೊಂದು ಹೆಸರನ್ನು ಟೈಪ್‌ಡೆಫ್ ಮೂಲಕ ಕೊಡುತ್ತದೆ. ಉಳಿದ ಸಂದರ್ಭಗಳಲ್ಲಿ ‘_ಫ್ಲೋಟ್128’ ಕಂಪೈಲರ್‌ನ ಕೀವರ್ಡ್ ಎಂದೇ ಭಾವಿಸಿ ಏನನ್ನೂ ಘೋಷಿಸುವುದಿಲ್ಲ. ಎಕ್ಸ್86ರಲ್ಲಿ ‘_ಫ್ಲೋಟ್128’ಗೆ ಬೆಂಬಲ ಬಂದದ್ದು 2017ರ ಜಿಲಿಬ್‌ಸಿ 2.26ರಲ್ಲಿ, ‘_ಫ್ಲೋಟ್32’, ‘_ಫ್ಲೋಟ್64’, ‘_ಫ್ಲೋಟ್32ಎಕ್ಸ್’, ‘_ಫ್ಲೋಟ್64ಎಕ್ಸ್’ ಬಂದದ್ದು 2018ರ 2.27ರಲ್ಲಿ. ಹಳೆಯ ವಿತರಣೆಯಲ್ಲಿ ಚೆನ್ನಾಗಿದ್ದ ಎಡಿಟರ್, ವ್ಯವಸ್ಥೆಯನ್ನು ನವೀಕರಿಸಿದ ಕೂಡಲೇ ಕೆಂಪಾಗುವುದಕ್ಕೆ ಇದೇ ಕಾರಣ.

ಸಿ++ನಲ್ಲಿ ತೊಂದರೆ ಹೆಚ್ಚು ಕಾಣಿಸುವುದಕ್ಕೂ ಸ್ಪಷ್ಟ ಕಾರಣವಿದೆ. ಲಿನಕ್ಸ್‌ನಲ್ಲಿ ಜಿ++ ತಾನಾಗಿಯೇ ‘_ಜಿಎನ್‌ಯು_ಸೋರ್ಸ್’ ಮ್ಯಾಕ್ರೊವನ್ನು ಘೋಷಿಸುತ್ತದೆ. ಅದು ಇದ್ದಾಗ ‘ಎಸ್‌ಟಿಡಿಲಿಬ್’ ಹೆಡರ್‌ನಲ್ಲಿ ‘ಎಸ್‌ಟಿಆರ್‌ಟಿಒಎಫ್128’ ಮುಂತಾದ ಫಂಕ್ಷನ್‌ಗಳ ಘೋಷಣೆಗಳು ತೆರೆದುಕೊಳ್ಳುತ್ತವೆ.

ಇದಕ್ಕೆ ಹೋಲಿಸಿದರೆ ಕ್ಲ್ಯಾಂಗ್ ಹಿಡಿದ ದಾರಿ ಬೇರೆ. ಅದು ತನ್ನನ್ನು ಜಿಸಿಸಿ 4.2.1 ಎಂದಷ್ಟೇ ಹೇಳಿಕೊಳ್ಳುತ್ತದೆ. ಅದಕ್ಕಿಂತ ಮೇಲಿನದನ್ನು ತನ್ನದೇ ಮ್ಯಾಕ್ರೊಗಳ ಮೂಲಕ ತಿಳಿಸುತ್ತದೆ. ಕೊಡುವ ಮಾತನ್ನು ಚಿಕ್ಕದಾಗಿ ಇಟ್ಟುಕೊಂಡದ್ದರಿಂದ ಅದು ಈ ಹಳ್ಳಕ್ಕೆ ಬೀಳುವುದಿಲ್ಲ. ಮುಂದಿನ ಪ್ರತಿಯೊಂದು ಹಂತದಲ್ಲಿಯೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಮ್ಯಾಕ್ರೊಗಳ ಮೂಲಕ ಪಾರ್ಸರ್ ಹೇಳಿಕೊಂಡದ್ದೂ ಅದಕ್ಕೆ ನಿಜವಾಗಿ ಗೊತ್ತಿರುವುದೂ ಒಂದೇ ಆಗಿವೆಯೇ?

## ಹಂತ 1: ಕಂಪೈಲರನ್ನೇ ಕೇಳಿ

ಊಹೆಯಿಂದ ಆರಂಭಿಸಬೇಡಿ. ಜಿಸಿಸಿಗೆ ‘-ಇ’ (ದೊಡ್ಡಕ್ಷರ) ಮತ್ತು ‘-ಡಿಎಂ’ (ಮೊದಲನೆಯದು ಸಣ್ಣಕ್ಷರ, ಎರಡನೆಯದು ದೊಡ್ಡಕ್ಷರ) ಆಯ್ಕೆಗಳನ್ನು ಕೊಟ್ಟು ಖಾಲಿ ಕಡತವನ್ನು ಓದಿಸಿದರೆ, ಅದು ಮೊದಲೇ ಘೋಷಿಸಿಕೊಂಡಿರುವ ಎಲ್ಲ ಮ್ಯಾಕ್ರೊಗಳನ್ನು ಮುದ್ರಿಸುತ್ತದೆ. ಭಾಷೆಯನ್ನು ‘-ಎಕ್ಸ್’ ಆಯ್ಕೆಯಿಂದಲೂ ಪ್ರಮಾಣಕವನ್ನು ‘-ಎಸ್‌ಟಿಡಿ’ ಆಯ್ಕೆಯಿಂದಲೂ ತಿಳಿಸಬೇಕು. ಬಳಕೆದಾರರ ಯೋಜನೆಯಲ್ಲಿರುವ ಗುರಿಸಂಬಂಧಿ (ಗುರಿ ಎಂದರೆ ಕೋಡ್ ಯಾವ ಯಂತ್ರಕ್ಕಾಗಿ ಕಂಪೈಲ್ ಆಗುತ್ತದೋ ಅದು) ಆಯ್ಕೆಗಳನ್ನು, ಅಂದರೆ ‘-ಎಂ32’, ಪವರ್‌ಪಿಸಿಯ ‘-ಎಂಫ್ಲೋಟ್128’ ಮುಂತಾದವನ್ನು, ಈ ಪ್ರಶ್ನೆಯಲ್ಲಿ ಸೇರಿಸುವುದನ್ನು ಮರೆಯಬಾರದು. ಅವು ಬದಲಾದರೆ ಉತ್ತರವೂ ಬದಲಾಗುತ್ತದೆ. ಯೋಜನೆಗೊಂದರಂತೆ ಒಂದೇ ಸಲ ಕೇಳಿ ಇಟ್ಟುಕೊಳ್ಳುವ ಬದಲು, ಆಯ್ಕೆಗಳ ಗುಂಪಿಗೊಂದರಂತೆ ಕೇಳುವುದು ಸರಿಯಾದ ಕ್ರಮ.

ಉತ್ತರದಲ್ಲಿ ನೋಡಬೇಕಾದದ್ದು: ಆವೃತ್ತಿಯ ಮ್ಯಾಕ್ರೊಗಳು, ‘__ಸೈಜ್ಆಫ್_ಫ್ಲೋಟ್128__’ ಇದೆಯೇ ಎಂಬುದು, ‘__ಎಫ್‌ಎಲ್‌ಟಿ128_ಮ್ಯಾಂಟ್_ಡಿಗ್__’ ಇದ್ದರೆ ಅದರ ಬೆಲೆ 113 ಆಗಿದೆಯೇ ಎಂಬುದು, ಕಟ್ಟುನಿಟ್ಟಾದ ಐಎಸ್ಒ ಪ್ರಮಾಣಕವನ್ನು ಆರಿಸಿದಾಗ ಬರುವ ‘__ಸ್ಟ್ರಿಕ್ಟ್_ಆನ್ಸಿ__’ ಇದೆಯೇ ಎಂಬುದು, ಮತ್ತು ಸಿ++23 ಆಗಿದ್ದರೆ ‘__ಎಸ್‌ಟಿಡಿಸಿಪಿಪಿ_ಫ್ಲೋಟ್32_ಟಿ__’ ಮಾದರಿಯ ಮ್ಯಾಕ್ರೊಗಳು.

ಹೆಡರ್ ದಾರಿಗಳನ್ನು ‘-ವಿ’ ಆಯ್ಕೆಯಿಂದ ಪಡೆಯುವಾಗ ಅವುಗಳ ಕ್ರಮವನ್ನು ಹಾಗೆಯೇ ಉಳಿಸಿಕೊಳ್ಳಿ. ಜಿಸಿಸಿ ತನ್ನನ್ನು ಕಟ್ಟುವ ಸಮಯದಲ್ಲಿ ಕೆಲವು ಸಿಸ್ಟಂ ಹೆಡರ್‌ಗಳ ತಿದ್ದಿದ ಪ್ರತಿಗಳನ್ನು ಮಾಡಿ ‘ಇನ್‌ಕ್ಲೂಡ್-ಫಿಕ್ಸ್ಡ್’ ಎಂಬ ಕೋಶದಲ್ಲಿ ಇಡುತ್ತದೆ. ಹಳೆಯ ಜಿಲಿಬ್‌ಸಿಯ ಮೇಲೆ ಹೊಸ ಜಿಸಿಸಿ ಕಟ್ಟಿದಾಗ ‘ಫ್ಲೋಟ್ಎನ್’ ಹೆಡರ್‌ನ ತಿದ್ದಿದ ಪ್ರತಿ ಅಲ್ಲಿ ಸಿಗಬಹುದು. ದಾರಿಗಳನ್ನು ಅಕಾರಾದಿಯಾಗಿ ಜೋಡಿಸುವ ಅಥವಾ ಆ ಕೋಶವನ್ನು ಬಿಟ್ಟುಬಿಡುವ ಎಡಿಟರ್, ಕಂಪೈಲರ್ ಓದದ ಕಡತವನ್ನು ಓದಿ ದೂರು ಹೇಳುತ್ತದೆ.

## ಹಂತ 2: ಯಾವ ಟೈಪ್‌ಗಳಿವೆ ಎಂದು ಪಟ್ಟಿ ಮಾಡಿಕೊಳ್ಳಿ

ಇವುಗಳಲ್ಲಿ ಹಲವು ಕುಟುಂಬಗಳಿವೆ; ಎಲ್ಲವನ್ನೂ ಒಂದೇ ಗುಂಪಿಗೆ ಹಾಕಿದರೆ ಮುಂದಿನ ಹಂತಗಳು ಕೆಡುತ್ತವೆ.

ಮೊದಲನೆಯದು ಜಿಸಿಸಿಯ ಹಳೆಯ ವಿಸ್ತರಣೆಗಳ ಕುಟುಂಬ. ಇದರಲ್ಲಿ ‘__ಫ್ಲೋಟ್128’ ಮುಖ್ಯವಾದದ್ದು. ಎಕ್ಸ್86ರಲ್ಲಿ ಅದು ಐಇಇಇ 754ರ 128 ಬಿಟ್ ದ್ವಿಮಾನ ರೂಪ, 16 ಬೈಟ್ ಗಾತ್ರ, 113 ಬಿಟ್ ನಿಖರತೆ. ಸಂಖ್ಯೆಗೆ ‘ಕ್ಯೂ’ ಪ್ರತ್ಯಯ. ‘__ಫ್ಲೋಟ್80’ ಎಕ್ಸ್86ರ 80 ಬಿಟ್ ವಿಸ್ತೃತ ರೂಪಕ್ಕೆ ಇರುವ ಹೆಸರು, ಪ್ರತ್ಯಯ ‘ಡಬ್ಲ್ಯು’. ಪವರ್‌ಪಿಸಿಯಲ್ಲಿ ಎರಡು ಡಬಲ್‌ಗಳನ್ನು ಜೋಡಿಸಿ ಮಾಡಿದ ‘__ಐಬಿಎಂ128’ ಇದೆ.

ಎರಡನೆಯದು 2015ರ ಐಎಸ್ಒ ತಾಂತ್ರಿಕ ನಿರ್ದಿಷ್ಟತೆ 18661-3ರಿಂದ ಬಂದ, ಮುಂದೆ ಸಿ23 ಪ್ರಮಾಣಕದ ಅನುಬಂಧವನ್ನು ಸೇರಿದ ಕುಟುಂಬ: ‘_ಫ್ಲೋಟ್16’, ‘_ಫ್ಲೋಟ್32’, ‘_ಫ್ಲೋಟ್64’, ‘_ಫ್ಲೋಟ್128’, ಜೊತೆಗೆ ಕೊನೆಯಲ್ಲಿ ‘ಎಕ್ಸ್’ ಇರುವ ‘_ಫ್ಲೋಟ್32ಎಕ್ಸ್’ ಮತ್ತು ‘_ಫ್ಲೋಟ್64ಎಕ್ಸ್’. ಸಿ ಭಾಷೆಗೆ ಇವು ಜಿಸಿಸಿ 7ರಲ್ಲಿ ಬಂದವು. ಜಿಸಿಸಿ 13ರಿಂದ ಸಿ++ನಲ್ಲಿಯೂ ‘_ಫ್ಲೋಟ್32’ ಮುಂತಾದವು ಕೀವರ್ಡ್‌ಗಳಾದವು, ಸಿ++23ರ ‘ಎಸ್‌ಟಿಡಿಫ್ಲೋಟ್’ ಹೆಡರ್‌ನಲ್ಲಿರುವ ಟೈಪ್‌ಗಳಿಗೆ ಅವೇ ಆಧಾರ.

ಮೂರನೆಯದು ಅರ್ಧ ನಿಖರತೆಯ ಟೈಪ್‌ಗಳು. ಆರ್ಮ್‌ನ ‘__ಎಫ್‌ಪಿ16’ ಸಂಗ್ರಹಕ್ಕೆ ಮಾತ್ರ ಇರುವಂಥದ್ದು, ಲೆಕ್ಕ ಮಾಡುವಾಗ ಅದು ‘ಫ್ಲೋಟ್’ ಆಗುತ್ತದೆ. ‘_ಫ್ಲೋಟ್16’ ಹಾಗಲ್ಲ, ಅದು ಸ್ವತಂತ್ರ ಅಂಕಗಣಿತದ ಟೈಪ್. ‘__ಬಿಎಫ್16’ ಇನ್ನೂ ಬೇರೆ: ‘ಫ್ಲೋಟ್’ನಷ್ಟೇ ಘಾತದ ವ್ಯಾಪ್ತಿ, ಆದರೆ ಕೇವಲ 8 ಬಿಟ್ ನಿಖರತೆ. ನಾಲ್ಕನೆಯದು ದಶಮಾನದ ಟೈಪ್‌ಗಳು: ‘_ಡೆಸಿಮಲ್32’, ‘_ಡೆಸಿಮಲ್64’, ‘_ಡೆಸಿಮಲ್128’, ಪ್ರತ್ಯಯಗಳು ಕ್ರಮವಾಗಿ ‘ಡಿಎಫ್’, ‘ಡಿಡಿ’, ‘ಡಿಎಲ್’. ಇವು ಜಿಸಿಸಿಯ ಸಿ ಭಾಷೆಯಲ್ಲಿ ಕೀವರ್ಡ್‌ಗಳು, ಸಿ++ನಲ್ಲಿ ಅಲ್ಲ.

ಪ್ರತಿಯೊಂದು ಟೈಪ್‌ಗೂ ಒಂದೊಂದು ದಾಖಲೆ ಮಾಡಿ, ಅದರಲ್ಲಿ ಹೆಸರು, ಆಂತರಿಕ ರೂಪ, ಗಾತ್ರ, ಹೊಂದಿಕೆ (ಅಲೈನ್‌ಮೆಂಟ್), ಪ್ರತ್ಯಯ, ಯಾವ ಭಾಷೆ, ಯಾವ ಆವೃತ್ತಿಯಿಂದ, ಯಾವ ಗುರಿಯಲ್ಲಿ ಎಂಬ ವಿವರಗಳನ್ನು ಇಡಿ. ಪಾರ್ಸರ್‌ನ ಉಳಿದ ಭಾಗಗಳೆಲ್ಲ ಈ ದಾಖಲೆಯನ್ನೇ ಕೇಳಬೇಕು. ಆವೃತ್ತಿಯ ಹೋಲಿಕೆಗಳು ಹತ್ತು ಕಡತಗಳಲ್ಲಿ ಚದುರಿದರೆ ಮುಂದಿನ ಜಿಸಿಸಿ ಬಿಡುಗಡೆಯಾದಾಗ ಯಾವುದೋ ಒಂದು ಉಳಿದುಹೋಗುತ್ತದೆ.

## ಹಂತ 3: ಕೀವರ್ಡ್ ಆಗುವ ಷರತ್ತನ್ನು ಹೆಡರ್‌ನ ಷರತ್ತಿಗೆ ಸರಿಹೊಂದಿಸಿ

ಇಡೀ ಕೆಲಸದಲ್ಲಿ ಅತ್ಯಂತ ಸೂಕ್ಷ್ಮವಾದ ಹಂತ ಇದು. ‘_ಫ್ಲೋಟ್32’ ಗೊತ್ತಿಲ್ಲ ಎಂಬ ದೂರನ್ನು ಕಂಡ ಕೂಡಲೇ ಅದನ್ನು ಎಲ್ಲ ಕಾಲಕ್ಕೂ ಕೀವರ್ಡ್ ಎಂದು ಸೇರಿಸಿಬಿಡುವುದು ಸಹಜವಾಗಿ ತೋಚುವ ಪರಿಹಾರ. ಹಾಗೆ ಮಾಡಿದರೆ ಜಿಸಿಸಿ 12 ಬಳಸುವ ಸಿ++ ಯೋಜನೆಗಳು ಕೆಡುತ್ತವೆ. ಅಲ್ಲಿ ಜಿಲಿಬ್‌ಸಿಯ ಹೆಡರ್ ‘ಫ್ಲೋಟ್’ಗೆ ‘_ಫ್ಲೋಟ್32’ ಎಂಬ ಟೈಪ್‌ಡೆಫ್ ಹೆಸರನ್ನು ಕೊಡಲು ಹೊರಟಿರುತ್ತದೆ. ಹೆಸರು ಇರಬೇಕಾದ ಜಾಗದಲ್ಲಿ ಕೀವರ್ಡ್ ಕಂಡ ಪಾರ್ಸರ್‌ಗೆ ಅದು ಎರಡು ಟೈಪ್‌ಗಳನ್ನು ಒಟ್ಟಿಗೆ ಬರೆದ, ಹೆಸರೇ ಇಲ್ಲದ ಘೋಷಣೆಯಾಗಿ ಕಾಣುತ್ತದೆ. ಮೊದಲು ಒಂದು ಗುಂಪಿನ ಬಳಕೆದಾರರಿಗೆ ಇದ್ದ ದೋಷ ಈಗ ಇನ್ನೊಂದು ಗುಂಪಿನ ಹೆಗಲಿಗೆ ಹೋಗುತ್ತದೆ, ಅಷ್ಟೇ.

ಆದ್ದರಿಂದ ನಿಯಮ ಹೀಗಿರಲಿ. ‘__ಫ್ಲೋಟ್128’ ಎಂಬುದು, ಗುರಿ ಅದನ್ನು ಬೆಂಬಲಿಸಿದರೆ, ಸಿ ಮತ್ತು ಸಿ++ ಎರಡರಲ್ಲಿಯೂ ಕೀವರ್ಡ್. ಎಕ್ಸ್86-64ರಲ್ಲಿ ಜಿಸಿಸಿ 4.3ರಿಂದ, ಕ್ಲ್ಯಾಂಗ್‌ನಲ್ಲಿ 3.9ರಿಂದ ಜಿಲಿಬ್‌ಸಿ ಅದನ್ನು ನಿರೀಕ್ಷಿಸುತ್ತದೆ. ‘_ಫ್ಲೋಟ್32’ ಮೊದಲಾದ ಒಂದು ಅಂಡರ್‌ಸ್ಕೋರ್‌ನ ಹೆಸರುಗಳು ಸಿ ಭಾಷೆಯಲ್ಲಿ ಜಿಸಿಸಿ 7ರಿಂದ, ಸಿ++ನಲ್ಲಿ ಜಿಸಿಸಿ 13ರಿಂದ ಕೀವರ್ಡ್. ಅದಕ್ಕೂ ಮೊದಲು ಅವು ಸಾಮಾನ್ಯ ಹೆಸರುಗಳು. ಆವೃತ್ತಿಯ ಸಂಖ್ಯೆಯನ್ನು ಹಂತ 1ರಲ್ಲಿ ಪಡೆದ ಮ್ಯಾಕ್ರೊಗಳಿಂದಲೇ ತೆಗೆದುಕೊಳ್ಳಬೇಕು, ಕಂಪೈಲರ್ ಕಡತದ ಹೆಸರಿನಿಂದಲ್ಲ. ಹೆಡರ್ ನೋಡುವುದು ಮ್ಯಾಕ್ರೊವನ್ನು, ಹಾಗಾಗಿ ಪಾರ್ಸರ್ ನೋಡಬೇಕಾದದ್ದೂ ಅದನ್ನೇ.

32 ಬಿಟ್ ಎಕ್ಸ್86 ಗುರಿಯನ್ನು ಕಡೆಗಣಿಸಬೇಡಿ. ಅಲ್ಲಿ ಜಿಸಿಸಿಯ ಸ್ವಂತ ‘ಎಸ್‌ಟಿಡಿಡೆಫ್’ ಹೆಡರ್, ಗರಿಷ್ಠ ಹೊಂದಿಕೆಯ ಟೈಪನ್ನು ಘೋಷಿಸುವಾಗ ‘__ಫ್ಲೋಟ್128’ ಸದಸ್ಯವೊಂದನ್ನು ಸೇರಿಸುತ್ತದೆ. ಸಿಯಲ್ಲಿಯೇ ಅತಿ ಚಿಕ್ಕ ಹೆಡರ್‌ಗಳಲ್ಲಿ ಒಂದಾದ ಅದೂ ಕೆಂಪಾಗುತ್ತದೆ.

## ಹಂತ 4: ಸಂಖ್ಯೆಗಳ ಪ್ರತ್ಯಯಗಳನ್ನು ಓದುವುದು

ಟೋಕನ್ ಬಿಡಿಸುವ ಭಾಗ ‘1.0ಎಫ್128’ ಎಂಬುದನ್ನು ಕಂಡಾಗ ‘ಎಫ್’ ಎಂಬಲ್ಲಿಗೆ ನಿಂತು, 128 ಎಂಬುದನ್ನು ಬೇರೆ ಸಂಖ್ಯೆಯಾಗಿ ಓದುವುದು ಸಾಮಾನ್ಯ ದೋಷ. ಸಿ ಪ್ರಮಾಣಕದ ಪ್ರಕಾರ ಪ್ರೀಪ್ರೊಸೆಸರ್ ಹಂತದಲ್ಲಿ ಅದಷ್ಟೂ ಒಂದೇ ಟೋಕನ್. ಮೊದಲು ಇಡೀ ಟೋಕನ್ ಎತ್ತಿಕೊಂಡು, ಅನಂತರ ಅದರಲ್ಲಿ ಅಂಕಿಗಳ ಭಾಗ, ಘಾತದ ಭಾಗ, ಪ್ರತ್ಯಯ ಎಂದು ಮೂರಾಗಿ ಒಡೆದು, ಪ್ರತ್ಯಯವನ್ನು ಇಡಿಯಾಗಿ ದಾಖಲೆಯ ಜೊತೆ ಹೋಲಿಸುವುದು ಸುರಕ್ಷಿತ. ಆಗ ‘ಎಫ್’, ‘ಎಫ್16’, ‘ಎಫ್64ಎಕ್ಸ್’, ‘ಬಿಎಫ್16’ ಇವುಗಳಲ್ಲಿ ಯಾವುದೂ ಇನ್ನೊಂದರ ಜೊತೆ ಗೊಂದಲವಾಗುವುದಿಲ್ಲ.

ಹದಿನಾರರ ಆಧಾರದ ಸಂಖ್ಯೆಗಳಲ್ಲಿ ವಿಶೇಷ ಎಚ್ಚರ ಬೇಕು. ‘0ಎಕ್ಸ್1ಎಫ್16’ ಎಂಬುದು ‘ಎಫ್16’ ಪ್ರತ್ಯಯದ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆ ಅಲ್ಲ; ಅಲ್ಲಿ ‘ಎಫ್’ ಕೂಡ ಒಂದು ಅಂಕಿ, ಇಡೀ ಟೋಕನ್ ಒಂದು ಪೂರ್ಣಾಂಕ. ಈ ಆಧಾರದಲ್ಲಿ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗೆ ‘ಪಿ’ ಘಾತ ಕಡ್ಡಾಯ, ಪ್ರತ್ಯಯ ಬರುವುದು ಅದರ ನಂತರವೇ. ಹತ್ತರ ಆಧಾರದಲ್ಲಿ ದಶಮಾಂಶ ಬಿಂದುವೂ ಘಾತವೂ ಇಲ್ಲದ ‘1ಎಫ್32’ ದೋಷವೇ ಸರಿ, ಅದನ್ನು ಉದಾರವಾಗಿ ಒಪ್ಪಬೇಡಿ.

‘ಕ್ಯೂ’ ಪ್ರತ್ಯಯಕ್ಕೆ ಇನ್ನೊಂದು ತೊಡಕಿದೆ. ಸಿ++11ರಿಂದ ಬಳಕೆದಾರರೇ ತಮ್ಮ ಪ್ರತ್ಯಯಗಳನ್ನು ಘೋಷಿಸಬಹುದಾದ್ದರಿಂದ, ‘1.0ಕ್ಯೂ’ ಎಂಬುದು ಅಂಥ ಪ್ರತ್ಯಯವೂ ಆಗಿರಬಹುದು. ಜಿಸಿಸಿಯಲ್ಲಿ ಇದನ್ನು ನಿರ್ಧರಿಸುವುದು ‘-ಎಫ್ಎಕ್ಸ್ಟ್-ನ್ಯೂಮೆರಿಕ್-ಲಿಟರಲ್ಸ್’ ಎಂಬ ಆಯ್ಕೆ. ಜಿಎನ್‌ಯು ಉಪಭಾಷೆಗಳಲ್ಲಿ (ಪ್ರಮಾಣಕಕ್ಕೆ ಜಿಸಿಸಿಯ ವಿಸ್ತರಣೆಗಳನ್ನು ಸೇರಿಸಿದ ರೂಪಗಳಲ್ಲಿ) ಅದು ತಾನಾಗಿಯೇ ಚಾಲೂ ಇರುತ್ತದೆ, ಕಟ್ಟುನಿಟ್ಟಾದ ಐಎಸ್ಒ ಸಿ++11 ಮತ್ತು ನಂತರದವುಗಳಲ್ಲಿ ಇರುವುದಿಲ್ಲ. ಬಳಕೆದಾರರ ಆಯ್ಕೆಗಳ ಸಾಲನ್ನು ಓದುವಾಗ ಇದನ್ನೂ ಹಿಡಿದುಕೊಳ್ಳಿ. 128 ಬಿಟ್ ಗಣಿತಕ್ಕಾಗಿ ಇರುವ ಕ್ವಾಡ್‌ಮ್ಯಾತ್ ಹೆಡರ್‌ನ ಗರಿಷ್ಠ, ಕನಿಷ್ಠ ಬೆಲೆಗಳ ಮ್ಯಾಕ್ರೊಗಳೆಲ್ಲ ‘ಕ್ಯೂ’ ಪ್ರತ್ಯಯದಲ್ಲೇ ಬರೆದಿರುವುದರಿಂದ ಇಲ್ಲಿ ತಪ್ಪಿದರೆ ಆ ಹೆಡರನ್ನು ಬಳಸುವ ಪ್ರತಿ ಕಡತದಲ್ಲಿಯೂ ದೂರುಗಳು ಬರುತ್ತವೆ.

## ಹಂತ 5: ವ್ಯಾಕರಣ ಮತ್ತು ‘ಮೋಡ್’ ಗುಣ

ಘೋಷಣೆಯ ನಿರ್ದೇಶಕಗಳಲ್ಲಿ ಈ ಹೆಸರುಗಳು ‘ಫ್ಲೋಟ್’ ಇರುವ ಜಾಗದಲ್ಲೇ ಬರುತ್ತವೆ. ‘ಲಾಂಗ್’, ‘ಶಾರ್ಟ್’, ‘ಸೈನ್ಡ್’, ‘ಅನ್‌ಸೈನ್ಡ್’ ಜೊತೆ ಇವು ಸೇರುವುದಿಲ್ಲ. ಸಿ ಭಾಷೆಯಲ್ಲಿ ‘_ಕಾಂಪ್ಲೆಕ್ಸ್’ ಜೊತೆ ‘_ಫ್ಲೋಟ್128’ ಸೇರಬಹುದು, ಯಾವುದು ಮೊದಲು ಬಂದರೂ ಸರಿಯೇ.

ಹೊಸ ಕೀವರ್ಡ್‌ಗಳನ್ನು ಸೇರಿಸಿದ ಮೇಲೆ ಕೆಲಸ ಮುಗಿಯಿತೆಂದುಕೊಳ್ಳುವ ಪಾರ್ಸರ್‌ಗಳನ್ನು ತಡೆಯುವುದು ‘ಮೋಡ್’ ಎಂಬ ಗುಣ. ಜಿಸಿಸಿಯಲ್ಲಿ ‘ಫ್ಲೋಟ್’ ಎಂದು ಬರೆದು ‘__ಆಟ್ರಿಬ್ಯೂಟ್__’ ಒಳಗೆ ‘ಮೋಡ್’ ಮತ್ತು ‘ಟಿಎಫ್’ ಎಂದು ಸೇರಿಸಿದರೆ, ಆ ಟೈಪ್ ‘ಫ್ಲೋಟ್’ ಆಗಿ ಉಳಿಯುವುದಿಲ್ಲ. ಎಕ್ಸ್86-64ರಲ್ಲಿ ಅದು ‘__ಫ್ಲೋಟ್128’ ಆಗುತ್ತದೆ, 64 ಬಿಟ್ ಆರ್ಮ್ ಲಿನಕ್ಸ್‌ನಲ್ಲಿ 128 ಬಿಟ್‌ನ ‘ಲಾಂಗ್ ಡಬಲ್’ ಆಗುತ್ತದೆ. ‘ಎಕ್ಸ್ಎಫ್’ ಎಂದರೆ ಎಕ್ಸ್86ರ 80 ಬಿಟ್ ರೂಪ. ‘ಎಸ್‌ಡಿ’, ‘ಡಿಡಿ’, ‘ಟಿಡಿ’ ದಶಮಾನದವು. ‘ಟಿಸಿ’ ಎಂದರೆ 128 ಬಿಟ್ ಭಾಗಗಳ ಸಂಕೀರ್ಣ ಸಂಖ್ಯೆ; ಹಳೆಯ ಜಿಸಿಸಿಗಾಗಿ ಜಿಲಿಬ್‌ಸಿ ತನ್ನ ಸಂಕೀರ್ಣ ಟೈಪನ್ನು ಘೋಷಿಸುವುದು ಇದರಿಂದಲೇ. ಜಿಸಿಸಿಯ ಸಿ++ ಲೈಬ್ರರಿಯಲ್ಲಿರುವ ದಶಮಾನ ವರ್ಗಗಳು ತಮ್ಮ ಒಳಗಿನ ಟೈಪನ್ನು ಪಡೆಯುವುದೂ ‘ಎಸ್‌ಡಿ’, ‘ಡಿಡಿ’, ‘ಟಿಡಿ’ ಮೋಡ್‌ಗಳ ಮೂಲಕ. ಗುಣಗಳನ್ನು ಓದಿ ಎಸೆಯುವ ಪಾರ್ಸರ್‌ಗೆ ಇಲ್ಲಿ ದೋಷ ಕಾಣುವುದಿಲ್ಲ, ಆದರೆ ತಪ್ಪು ಟೈಪ್ ಸಿಗುತ್ತದೆ; ಅದು ದೋಷಕ್ಕಿಂತ ಅಪಾಯಕಾರಿ. ಹೆಸರುಗಳು ‘ಮೋಡ್’ ಎಂದೂ ‘__ಮೋಡ್__’ ಎಂದೂ, ‘ಟಿಸಿ’ ಎಂದೂ ‘__ಟಿಸಿ__’ ಎಂದೂ ಬರಬಹುದು, ಎರಡನ್ನೂ ಒಂದೇ ಎಂದು ಪರಿಗಣಿಸಿ.

## ಹಂತ 6: ಪ್ರತಿ ಟೈಪ್‌ಗೂ ಅದರದೇ ಗುರುತು

ಎಲ್ಲೆಡೆ ಸೂಚಿಸಲಾಗುವ ತುರ್ತು ಪರಿಹಾರವೆಂದರೆ ‘__ಫ್ಲೋಟ್128’ ಅನ್ನು ‘ಲಾಂಗ್ ಡಬಲ್’ ಎಂಬುದಕ್ಕೆ ಮ್ಯಾಕ್ರೊ ಆಗಿ ಘೋಷಿಸುವುದು. ಸಿ ಭಾಷೆಯಲ್ಲಿ ಅದು ಸ್ವಲ್ಪ ದೂರ ಸಾಗುತ್ತದೆ. ಸಿ++ನಲ್ಲಿ ಮೊದಲ ಹೆಡರ್‌ನಲ್ಲೇ ಮುರಿಯುತ್ತದೆ. ಜಿಸಿಸಿಯ ‘ಟೈಪ್_ಟ್ರೇಟ್ಸ್’ ಹೆಡರ್‌ನಲ್ಲಿ ಒಂದು ಟೈಪ್ ಫ್ಲೋಟಿಂಗ್ ಪಾಯಿಂಟ್ ಹೌದೇ ಎಂದು ಹೇಳುವ ಟೆಂಪ್ಲೇಟ್‌ಗೆ ‘ಲಾಂಗ್ ಡಬಲ್’ಗೊಂದು, ‘__ಫ್ಲೋಟ್128’ಗೊಂದು ಪ್ರತ್ಯೇಕ ವಿಶೇಷ ರೂಪವಿದೆ. ಮ್ಯಾಕ್ರೊ ಎರಡನ್ನೂ ಒಂದಾಗಿಸಿದಾಗ ಒಂದೇ ವಿಶೇಷ ರೂಪ ಎರಡು ಸಲ ಬಂದಂತಾಗುತ್ತದೆ. ಸಂಖ್ಯೆಯ ನಿರಪೇಕ್ಷ ಬೆಲೆ ಕೊಡುವ ‘ಆಬ್ಸ್’ ಫಂಕ್ಷನ್‌ನ ಓವರ್‌ಲೋಡ್‌ಗಳಿಗೂ ಇದೇ ಗತಿ. ಈ ಭಾಗ ತೆರೆದುಕೊಳ್ಳುವುದು ಹಲವು ಆವೃತ್ತಿಗಳಲ್ಲಿ ‘__ಸ್ಟ್ರಿಕ್ಟ್_ಆನ್ಸಿ__’ ಇಲ್ಲದಿದ್ದಾಗ ಮಾತ್ರ. ಹಾಗಾಗಿ ಒಬ್ಬರ ಗಣಕದಲ್ಲಿ ಸರಿಯಾಗಿ ಕೆಲಸ ಮಾಡಿದ ಪರಿಹಾರ, ಜಿಎನ್‌ಯು ಉಪಭಾಷೆ ಆರಿಸಿಕೊಂಡ ಇನ್ನೊಬ್ಬರಲ್ಲಿ ಕೆಡುತ್ತದೆ.

ಪಾರ್ಸರ್‌ನ ಒಳಗೆ ಟೈಪ್‌ನ ಗುರುತನ್ನು ಗಾತ್ರದಿಂದ ಅಥವಾ ರೂಪದಿಂದ ನಿರ್ಧರಿಸಬಾರದು. ಎಕ್ಸ್86-64ರಲ್ಲಿ ‘ಲಾಂಗ್ ಡಬಲ್’ ಮತ್ತು ‘__ಫ್ಲೋಟ್128’ ಎರಡೂ 16 ಬೈಟ್ ಜಾಗ ಹಿಡಿಯುತ್ತವೆ, ಆದರೆ ಮೊದಲನೆಯದರಲ್ಲಿ ಬಳಕೆಯಾಗುವುದು 80 ಬಿಟ್ ಮಾತ್ರ. ಸಿ ಭಾಷೆಯ ‘_ಫ್ಲೋಟ್32’ ಮತ್ತು ‘ಫ್ಲೋಟ್’ ಒಂದೇ ರೂಪದವು, ಆದರೂ ಟೈಪ್ ನೋಡಿ ಆಯ್ಕೆ ಮಾಡುವ ‘_ಜೆನೆರಿಕ್’ ಅವನ್ನು ಬೇರೆ ಬೇರೆಯಾಗಿ ನೋಡುತ್ತದೆ. ಇನ್ನೊಂದು ಕಡೆ, ಎಕ್ಸ್86ರ ಸಿ ಭಾಷೆಯಲ್ಲಿ ‘__ಫ್ಲೋಟ್128’ ಎಂಬುದು ‘_ಫ್ಲೋಟ್128’ದೇ ಇನ್ನೊಂದು ಹೆಸರು, ಜಿಸಿಸಿ 13ರ ಸಿ++ನಲ್ಲಿ ಮಾತ್ರ ಅವೆರಡೂ ಬೇರೆ ಟೈಪ್‌ಗಳು, ಲೈಬ್ರರಿ ಎರಡಕ್ಕೂ ಪ್ರತ್ಯೇಕ ವಿಶೇಷ ರೂಪ ಕೊಡುತ್ತದೆ. ಮ್ಯಾಂಗಲ್ ಆದ, ಅಂದರೆ ಟೈಪ್‌ಗಳನ್ನೂ ಸೇರಿಸಿ ಕಂಪೈಲರ್ ಸಂಕೇತವಾಗಿಸಿದ, ಹೆಸರಿನಲ್ಲಿಯೂ ಈ ವ್ಯತ್ಯಾಸ ಕಾಣುತ್ತದೆ: ‘__ಫ್ಲೋಟ್128’ಕ್ಕೆ ‘ಜಿ’ ಎಂಬ ಒಂದೇ ಅಕ್ಷರ, ‘_ಫ್ಲೋಟ್128’ಕ್ಕೆ ‘ಡಿಎಫ್128_’. ಆದ್ದರಿಂದ ಎರಡಕ್ಕೂ ಬೇರೆ ಬೇರೆ ಗುರುತುಗಳನ್ನು ಇಟ್ಟು, ‘ಈ ಭಾಷೆ ಮತ್ತು ಈ ಗುರಿಯಲ್ಲಿ ಇದು ಅದರ ಇನ್ನೊಂದು ಹೆಸರು’ ಎಂಬ ಸಂಬಂಧವನ್ನು ದಾಖಲೆಯಲ್ಲಿ ಬರೆಯುವುದು ನನ್ನ ಸಲಹೆ. ಬೇರೆ ಇದ್ದವನ್ನು ಬೇಕಾದಾಗ ಒಂದಾಗಿಸುವುದು ಸುಲಭ, ಒಂದಾಗಿಸಿಬಿಟ್ಟವನ್ನು ಮುಂದೆ ಬೇರ್ಪಡಿಸುವುದು ಬಹಳ ಕಷ್ಟ.

## ಹಂತ 7: ಪರಿವರ್ತನೆಯ ನಿಯಮಗಳು

ಎರಡು ಬೇರೆ ಟೈಪ್‌ಗಳನ್ನು ಕೂಡಿದಾಗ ಬರುವ ಫಲಿತಾಂಶದ ಟೈಪ್ ತಿಳಿಯದಿದ್ದರೆ ‘ಆಟೊ’ ಎಂದು ಘೋಷಿಸಿದ ಚರದ ಟೈಪ್ ತಪ್ಪಾಗಿ, ಓವರ್‌ಲೋಡ್ ಆಯ್ಕೆಯೂ ತಪ್ಪಾಗುತ್ತದೆ. ಸಾಮಾನ್ಯವಾಗಿ ಹೆಚ್ಚು ಬೆಲೆಗಳನ್ನು ಹಿಡಿಯಬಲ್ಲ ಟೈಪ್ ಗೆಲ್ಲುತ್ತದೆ: ‘_ಫ್ಲೋಟ್128’ ಮತ್ತು 80 ಬಿಟ್‌ನ ‘ಲಾಂಗ್ ಡಬಲ್’ ಸೇರಿದರೆ ಫಲ ‘_ಫ್ಲೋಟ್128’. ಎರಡೂ ಒಂದೇ ಬೆಲೆಗಳ ಗುಂಪಿನವಾಗಿದ್ದರೆ ಹೊಸ ಟೈಪ್ ಗೆಲ್ಲುತ್ತದೆ, ಅಂದರೆ ‘_ಫ್ಲೋಟ್64’ ಮತ್ತು ‘ಡಬಲ್’ ಸೇರಿದರೆ ‘_ಫ್ಲೋಟ್64’.

ಇಲ್ಲಿ ಟೈಪ್‌ಗಳನ್ನು ಒಂದೇ ಸಾಲಿನಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ಒಂದೊಂದಕ್ಕೂ ಒಂದು ಸಂಖ್ಯೆ ಕೊಡುವ ವಿಧಾನ ಸಾಲದು. 16 ಬಿಟ್‌ನ ಎರಡು ಟೈಪ್‌ಗಳನ್ನೇ ನೋಡಿ: ‘_ಫ್ಲೋಟ್16’ಗೆ 11 ಬಿಟ್ ನಿಖರತೆ ಮತ್ತು 5 ಬಿಟ್ ಘಾತ, ‘__ಬಿಎಫ್16’ಗೆ 8 ಬಿಟ್ ನಿಖರತೆ ಮತ್ತು 8 ಬಿಟ್ ಘಾತ. ಒಂದರ ಬೆಲೆಗಳೆಲ್ಲ ಇನ್ನೊಂದರಲ್ಲಿ ಇಲ್ಲ. ಸಿ++23ರ ಪ್ರಕಾರ ಇವೆರಡನ್ನು ನೇರವಾಗಿ ಕೂಡುವುದು ದೋಷ. ದ್ವಿಮಾನ ಮತ್ತು ದಶಮಾನ ಟೈಪ್‌ಗಳ ಮಿಶ್ರಣವೂ ದೋಷವೇ. ಆದ್ದರಿಂದ ಹೋಲಿಕೆಯ ಫಂಕ್ಷನ್ ‘ಚಿಕ್ಕದು’, ‘ದೊಡ್ಡದು’, ‘ಸಮಾನ’ ಎಂಬ ಉತ್ತರಗಳ ಜೊತೆಗೆ ‘ಹೋಲಿಸಲಾಗದು’ ಎಂಬ ನಾಲ್ಕನೆಯ ಉತ್ತರವನ್ನೂ ಕೊಡುವಂತಿರಬೇಕು.

ಸಂಖ್ಯೆ ನಿಗದಿಯಿಲ್ಲದ ಆರ್ಗ್ಯುಮೆಂಟ್‌ಗಳ ಫಂಕ್ಷನ್‌ಗೆ ಕಳಿಸುವಾಗ ‘ಫ್ಲೋಟ್’ ತಾನಾಗಿ ‘ಡಬಲ್’ ಆಗುತ್ತದೆ, ‘_ಫ್ಲೋಟ್32’ ಆಗುವುದಿಲ್ಲ. ‘ಪ್ರಿಂಟ್ಎಫ್’ ನಮೂನೆಗಳನ್ನು ಪರಿಶೀಲಿಸುವ ಎಡಿಟರ್‌ಗೆ ಇದು ಗೊತ್ತಿರಬೇಕು.

## ಹಂತ 8: ಗಾತ್ರ ಮತ್ತು ಸ್ಥಿರಾಂಕಗಳ ಬೆಲೆ

ಗಾತ್ರಗಳನ್ನು ಗುರಿಯ ಆಧಾರದಲ್ಲಿ ಇಡಬೇಕು. ‘ಲಾಂಗ್ ಡಬಲ್’ ಎಕ್ಸ್86-64 ಲಿನಕ್ಸ್‌ನಲ್ಲಿ 16 ಬೈಟ್, 32 ಬಿಟ್ ಎಕ್ಸ್86 ಲಿನಕ್ಸ್‌ನಲ್ಲಿ 12 ಬೈಟ್, ಮೈಕ್ರೋಸಾಫ್ಟ್ ಕಂಪೈಲರ್‌ನಲ್ಲಿ 8 ಬೈಟ್. ‘_ಫ್ಲೋಟ್64ಎಕ್ಸ್’ ಎಕ್ಸ್86ರಲ್ಲಿ 80 ಬಿಟ್ ರೂಪ, 64 ಬಿಟ್ ಆರ್ಮ್‌ನಲ್ಲಿ 128 ಬಿಟ್ ರೂಪ. ‘ಸ್ಟ್ಯಾಟಿಕ್_ಅಸರ್ಟ್’ ಒಳಗೆ ಗಾತ್ರ ಕೇಳುವ ಕೋಡ್ ಬಹಳವಿದೆ. ಒಂದು ಬೈಟ್ ತಪ್ಪಿದರೂ ಸುಳ್ಳು ದೋಷ ಕಾಣುತ್ತದೆ.

ಮೌಸ್ ಇಟ್ಟಾಗ ಸ್ಥಿರಾಂಕದ ಬೆಲೆ ತೋರಿಸುವ ಎಡಿಟರ್‌ಗಳು ಅದನ್ನು ತಮ್ಮದೇ ‘ಡಬಲ್’ನಲ್ಲಿ ಲೆಕ್ಕ ಹಾಕುವುದುಂಟು. 128 ಬಿಟ್ ಟೈಪ್‌ನ ಗರಿಷ್ಠ ಬೆಲೆ ಸುಮಾರು 1.19 ಗುಣಿಸು 10ರ 4932ನೇ ಘಾತ. ‘ಡಬಲ್’ನ ಮಿತಿ ಸುಮಾರು 1.8 ಗುಣಿಸು 10ರ 308ನೇ ಘಾತ. ಅಂಥ ಎಡಿಟರ್ ಮೊದಲನೆಯದನ್ನು ‘ಅನಂತ’ ಎಂದು ತೋರಿಸುತ್ತದೆ. ಸಿ++ನಲ್ಲಿ ಬರೆದ ಪಾರ್ಸರ್ ಆಗಿದ್ದರೆ ಎಲ್‌ಎಲ್‌ವಿಎಂನ ‘ಎಪಿಫ್ಲೋಟ್’ ಅಥವಾ ಎಂಪಿಎಫ್ಆರ್ ಲೈಬ್ರರಿ ಬಳಸಬಹುದು. ಜಾವಾದಲ್ಲಿ ‘ಬಿಗ್‌ಡೆಸಿಮಲ್’ನಿಂದ ಬೆಲೆಯನ್ನು ಹಿಡಿದು, 113 ಬಿಟ್‌ಗೆ ಸರಿಯಾಗಿ ರೌಂಡ್ ಮಾಡುವ ಕೆಲಸವನ್ನು ತಾವೇ ಮಾಡಬೇಕು. ಅಷ್ಟು ಶ್ರಮ ಸಾಧ್ಯವಿಲ್ಲದಿದ್ದರೆ ಬೆಲೆಯನ್ನು ತೋರಿಸದೆ, ಟೈಪನ್ನೂ ಮೂಲದಲ್ಲಿ ಬರೆದ ಅಕ್ಷರಗಳನ್ನೂ ಮಾತ್ರ ತೋರಿಸಿ. ತಪ್ಪು ಬೆಲೆಯನ್ನು ನಂಬಿ ಲೆಕ್ಕ ಮಾಡುವವರಿಗೆ ಆಗುವ ನಷ್ಟ ದೊಡ್ಡದು.

## ಹಂತ 9: ಬಿಲ್ಟ್‌ಇನ್ ಫಂಕ್ಷನ್‌ಗಳು ಮತ್ತು ಸೂಚಿ

ಟೈಪ್ ಗೊತ್ತಾದ ಕೂಡಲೇ ಹೆಡರ್‌ಗಳು ಅದಕ್ಕೆ ಸೇರಿದ ಬಿಲ್ಟ್‌ಇನ್‌ಗಳನ್ನು (ಕಂಪೈಲರ್‌ನೊಳಗೇ ಇರುವ ಫಂಕ್ಷನ್‌ಗಳನ್ನು) ಕರೆಯತೊಡಗುತ್ತವೆ: ಹಳೆಯ ಕುಟುಂಬಕ್ಕೆ ‘__ಬಿಲ್ಟಿನ್_ಇನ್ಫ್‌ಕ್ಯೂ’, ‘__ಬಿಲ್ಟಿನ್_ಫ್ಯಾಬ್ಸ್‌ಕ್ಯೂ’, ಹೊಸ ಕುಟುಂಬಕ್ಕೆ ‘__ಬಿಲ್ಟಿನ್_ಇನ್ಫ್‌ಎಫ್128’ ಇತ್ಯಾದಿ. ಇವನ್ನು ಹಂತ 2ರ ದಾಖಲೆಯಿಂದಲೇ ಹುಟ್ಟಿಸಬಹುದು.

ಡಿಸ್ಕ್‌ನಲ್ಲಿ ಸೂಚಿ (ಓದಿದ ಘೋಷಣೆಗಳ ಇಂಡೆಕ್ಸ್) ಉಳಿಸುವ ಎಡಿಟರ್ ಆಗಿದ್ದರೆ ಹೊಸ ಟೈಪ್‌ಗಳ ಸಂಖ್ಯೆಗಳನ್ನು ಹಳೆಯವುಗಳ ಕೊನೆಗೆ ಸೇರಿಸಿ, ಮಧ್ಯೆ ತೂರಿಸಬೇಡಿ. ಟೈಪ್‌ನ ಗುರುತಿಗೆ ಮೀಸಲಿಟ್ಟ ಬಿಟ್‌ಗಳು ಸಾಕೇ ಎಂದು ಪರೀಕ್ಷಿಸಿ. ಸೂಚಿಯ ಆವೃತ್ತಿಯನ್ನು ಏರಿಸಿ. ಆವೃತ್ತಿ ಏರಿಸದಿದ್ದರೆ, ಹಳೆಯ ಸೂಚಿಯಲ್ಲಿ ದೋಷವಾಗಿ ಉಳಿದ ಘೋಷಣೆಗಳು ತಿದ್ದಿದ ಪಾರ್ಸರ್‌ನಲ್ಲಿಯೂ ಕಾಣುತ್ತಲೇ ಇರುತ್ತವೆ, ಪರಿಹಾರ ಕೆಲಸ ಮಾಡಿಲ್ಲ ಎಂಬ ದೂರು ಬರುತ್ತದೆ.

## ಹಂತ 10: ಪರೀಕ್ಷೆ

ಗಡಿಗಳ ಎರಡೂ ಬದಿಯಲ್ಲಿ ಪರೀಕ್ಷಿಸಿ: ಜಿಸಿಸಿ 6 ಮತ್ತು 7, ಜಿಸಿಸಿ 12 ಮತ್ತು 13, ಪ್ರತಿಯೊಂದರಲ್ಲೂ ಸಿ ಮತ್ತು ಸಿ++, ಜಿಎನ್‌ಯು ಉಪಭಾಷೆ ಮತ್ತು ಕಟ್ಟುನಿಟ್ಟಿನ ಐಎಸ್ಒ, 64 ಬಿಟ್ ಮತ್ತು 32 ಬಿಟ್. ಪ್ರತಿ ಜೋಡಣೆಯಲ್ಲೂ ಒಂದೊಂದೇ ಸ್ಟ್ಯಾಂಡರ್ಡ್ ಹೆಡರನ್ನು ಸೇರಿಸಿದ ಪುಟ್ಟ ಕಡತಗಳನ್ನು ಮಾಡಿ, ‘-ಎಫ್‌ಸಿಂಟ್ಯಾಕ್ಸ್-ಓನ್ಲಿ’ ಆಯ್ಕೆಯೊಂದಿಗೆ ಜಿಸಿಸಿ ಹೇಳುವುದನ್ನೂ ಪಾರ್ಸರ್ ಹೇಳುವುದನ್ನೂ ಹೋಲಿಸಿ. ಟೈಪ್‌ಗಳ ಗುರುತನ್ನು ಪರೀಕ್ಷಿಸಲು ಸಿ ಭಾಷೆಯಲ್ಲಿ ‘__ಬಿಲ್ಟಿನ್_ಟೈಪ್ಸ್_ಕಂಪ್ಯಾಟಿಬಲ್_ಪಿ’, ಸಿ++ನಲ್ಲಿ ‘ಈಸ್_ಸೇಮ್’ ಬಳಸಿದ ‘ಸ್ಟ್ಯಾಟಿಕ್_ಅಸರ್ಟ್’ ಸಾಲುಗಳನ್ನು ಬರೆಯಿರಿ. ಅವು ಕಂಪೈಲರ್‌ನಲ್ಲಿಯೂ ಪಾರ್ಸರ್‌ನಲ್ಲಿಯೂ ಒಟ್ಟಿಗೆ ಪಾಸಾಗಬೇಕು. ದೋಷವಾಗಲೇಬೇಕಾದ ಕೋಡನ್ನೂ ಸೇರಿಸಿ, ಇಲ್ಲದಿದ್ದರೆ ಎಲ್ಲವನ್ನೂ ಒಪ್ಪುವ ಪಾರ್ಸರ್ ಕೂಡ ಪರೀಕ್ಷೆಯಲ್ಲಿ ಗೆಲ್ಲುತ್ತದೆ.

ನಾಳೆ ಬರುವ ಟೈಪ್‌ಗಾಗಿಯೂ ಒಂದು ವ್ಯವಸ್ಥೆ ಬೇಕು. ಸಿಸ್ಟಂ ಹೆಡರ್ ಒಳಗೆ, ಟೈಪ್ ಇರಬೇಕಾದ ಜಾಗದಲ್ಲಿ, ಎರಡು ಅಂಡರ್‌ಸ್ಕೋರ್‌ನಿಂದ ಅಥವಾ ಒಂದು ಅಂಡರ್‌ಸ್ಕೋರ್ ಮತ್ತು ದೊಡ್ಡಕ್ಷರದಿಂದ ಆರಂಭವಾಗುವ ಗೊತ್ತಿಲ್ಲದ ಹೆಸರು ಬಂದರೆ, ಅದನ್ನು ‘ಅಜ್ಞಾತ ಕಂಪೈಲರ್ ಟೈಪ್’ ಎಂದು ಗುರುತಿಸಿ ಓದನ್ನು ಮುಂದುವರಿಸಿ. ಹೆಸರನ್ನು ಲಾಗ್‌ನಲ್ಲಿ ಬರೆದಿಡಿ. ಬಳಕೆದಾರರ ಸ್ವಂತ ಕಡತಗಳಲ್ಲಿ ಈ ಔದಾರ್ಯ ಬೇಡ, ಅಲ್ಲಿ ಅದು ಅಕ್ಷರದೋಷಗಳನ್ನು ಮರೆಮಾಡುತ್ತದೆ.

## ಪಾರ್ಸರ್ ತಿದ್ದುವವರೆಗೆ ಬಳಕೆದಾರರು ಮಾಡಬಹುದಾದದ್ದು

ಹೊಸ ಬಿಡುಗಡೆ ಬರುವ ತನಕ ಬಳಕೆದಾರರಿಗೆ ಹೇಳಬಹುದಾದ ಉತ್ತಮ ಉಪಾಯ, ಎಡಿಟರ್ ಕೊಡುವ ಮಾತನ್ನು ಚಿಕ್ಕದು ಮಾಡುವುದು. ಎಡಿಟರ್‌ನ ಸೆಟ್ಟಿಂಗ್‌ನಲ್ಲಿ ಮಾತ್ರ ‘__ಜಿಎನ್‌ಯುಸಿ__’ ಬೆಲೆಯನ್ನು 4 ಎಂದೂ ಉಪಆವೃತ್ತಿಯನ್ನು 2 ಎಂದೂ ಬದಲಿಸಿದರೆ ಜಿಲಿಬ್‌ಸಿ 128 ಬಿಟ್ ಟೈಪ್ ಇಲ್ಲವೆಂದು ತಿಳಿದು ಆ ಘೋಷಣೆಗಳನ್ನೇ ಬಿಟ್ಟುಬಿಡುತ್ತದೆ, ‘_ಫ್ಲೋಟ್32’ ಮೊದಲಾದವನ್ನು ಟೈಪ್‌ಡೆಫ್ ಮಾಡುತ್ತದೆ. ಜಿಸಿಸಿಯ ಸಿ++ ಲೈಬ್ರರಿಯ ಇತ್ತೀಚಿನ ಆವೃತ್ತಿಗಳಿಗಾಗಿ ‘__ಸೈಜ್ಆಫ್_ಫ್ಲೋಟ್128__’ ಮ್ಯಾಕ್ರೊವನ್ನೂ ತೆಗೆಯಬೇಕು. ಹೊಸ ಜಿಸಿಸಿಯ ಇತರ ಸೌಲಭ್ಯಗಳನ್ನು ಆವೃತ್ತಿ ನೋಡಿ ಬಳಸುವ ಕೋಡ್ ಎಡಿಟರ್‌ನಲ್ಲಿ ಹಳೆಯ ದಾರಿಯನ್ನು ತೋರಿಸುತ್ತದೆ ಎಂಬುದು ಇದರ ಬೆಲೆ.

ತಮ್ಮದೇ ಕೋಡ್‌ನಲ್ಲಿ ‘__ಫ್ಲೋಟ್128’ ಬಳಸುವವರಿಗೆ ಇದು ಸಾಲದು. ಅವರು ಎಡಿಟರ್ ಮಾತ್ರ ಓದುವ ಭಾಗದಲ್ಲಿ 16 ಬೈಟ್‌ನ ಪ್ರತ್ಯೇಕ ವರ್ಗವೊಂದನ್ನು ಆ ಹೆಸರಿನಲ್ಲಿ ಘೋಷಿಸಿ, ಕಾನ್ಸ್ಟ್ಎಕ್ಸ್‌ಪಿಆರ್ ಕನ್‌ಸ್ಟ್ರಕ್ಟರ್ ಮತ್ತು ಅಂಕಗಣಿತ ಹಾಗೂ ಹೋಲಿಕೆಯ ಆಪರೇಟರ್‌ಗಳನ್ನು ಕೊಡಬಹುದು. ‘ಲಾಂಗ್ ಡಬಲ್’ ಮ್ಯಾಕ್ರೊಗಿಂತ ಇದು ಮೇಲು, ಏಕೆಂದರೆ ಟೈಪ್‌ನ ಗುರುತು ಬೇರೆಯಾಗಿಯೇ ಉಳಿಯುತ್ತದೆ. ಎಡಿಟರ್ ಓದುತ್ತಿದೆ ಎಂದು ತಿಳಿಯಲು ಮೈಕ್ರೋಸಾಫ್ಟ್‌ನ ಇಂಟೆಲಿಸೆನ್ಸ್ ‘__ಇಂಟೆಲಿಸೆನ್ಸ್__’ ಎಂಬ ಮ್ಯಾಕ್ರೊವನ್ನೂ, ಎಕ್ಲಿಪ್ಸ್‌ನ ಸಿಡಿಟಿ ‘__ಸಿಡಿಟಿ_ಪಾರ್ಸರ್__’ ಎಂಬ ಮ್ಯಾಕ್ರೊವನ್ನೂ ಘೋಷಿಸುತ್ತವೆ. ಈ ಭಾಗವನ್ನು ಯೋಜನೆಯ ಸಾಮಾನ್ಯ ಹೆಡರ್‌ಗಳಲ್ಲಿ ಸೇರಿಸದೆ, ಎಡಿಟರ್ ಬಲವಂತವಾಗಿ ಮೊದಲು ಓದುವ ಪ್ರತ್ಯೇಕ ಕಡತದಲ್ಲಿ ಇಟ್ಟರೆ, ಪಾರ್ಸರ್ ಸರಿಯಾದ ದಿನ ಆ ಒಂದು ಕಡತವನ್ನು ಅಳಿಸಿದರೆ ಸಾಕು.